ಎರಡನೇ ಮಾದರಿ

ಮೊನ್ನೆ ಹೋಳಿಯ ಮರುದಿನ ಅಬ್ಬಾ ಮಾಳಿಗೆಯ ಮೂಲೆಯಲ್ಲಿದ್ದ ಕೂಲರ್ ಇಳಿಸಿದರು. ಹಳೆಯ ಹುಲ್ಲು ಕಿತ್ತು ಹೊಸದು ತುಂಬಿ, ನೀರು ಹೊಯ್ದು ಸ್ವಿಚ್ ಒತ್ತಿದರು. ಹಸಿ ಹುಲ್ಲಿನ ವಾಸನೆ ಮನೆ ತುಂಬಿತು. ಕಲಬುರಗಿಯಲ್ಲಿ ಬೇಸಿಗೆಯ ಮೊದಲ ಸುಖವೆಂದರೆ ಅದೇ. ನನಗೆ ಮಾತ್ರ ಆ ವಾಸನೆಯಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ನಿಂತೆ. ಅಬ್ಬಾ ಕೂಲರ್ ಆರಿಸಿ ಫ್ಯಾನ್ ಹಾಕಿದರು. ಎರಡು ವರ್ಷದ ಹಿಂದೆ ಒಂದು ಸರ್ಕಾರಿ ಕೋಣೆಯಲ್ಲಿ, ಇಂಥದೇ ಕೂಲರ್ ಎದುರು ನನ್ನನ್ನು ಒಂಬತ್ತು ದಿನ ಕೂರಿಸಿ ಒಂದೇ ಪ್ರಶ್ನೆ ಕೇಳಿದ್ದರು ಎಂಬುದು ಅವರಿಗೆ ಗೊತ್ತು.

ಆ ಪ್ರಕರಣ ಇನ್ನೂ ಕೋರ್ಟಿನಲ್ಲಿದೆ. ಹಾಗಾಗಿ ಕೆಲವು ಹೆಸರು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಉಳಿದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಆಗ ನಾನು ಒಂದು ಸಣ್ಣ ಕನ್ನಡ ದಿನಪತ್ರಿಕೆಯಲ್ಲಿ ವರದಿಗಾರ್ತಿ. ಜಗತ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ, ಚಪ್ಪಲಿ ಅಂಗಡಿಯ ಮೇಲೆ ನಮ್ಮ ಕಚೇರಿ. ಸಂಪಾದಕರು ಹಿರೇಮಠ ಸರ್, ಅರವತ್ತು ದಾಟಿದವರು. ಪತ್ರಿಕೆಯ ಮಾಲೀಕರೂ ಅವರೇ, ಪ್ರೂಫ್ ನೋಡುವವರೂ ಅವರೇ. ಮನೆಯಲ್ಲಿ ದಖನಿ ಮಾತಾಡಿ ಬೆಳೆದ ನನಗೆ ಕನ್ನಡದಲ್ಲಿ ಸುದ್ದಿ ಬರೆಯಲು ಕಲಿಸಿದವರು. “ಶಾಹೀನಾ, ನಿನ್ನ ಕನ್ನಡದಾಗ ತಪ್ಪಿಲ್ಲ. ಆದ್ರ ಒಂದೊಂದು ವಾಕ್ಯನೂ ಅಂಜಿಕೋತ ಬರೀತಿ ನೋಡು” ಎನ್ನುತ್ತಿದ್ದರು.

ಶಿವರಾತ್ರಿ ಮುಗಿದ ವಾರ ಅವರು ನನ್ನನ್ನು ಕಮಲಾಪುರದ ಸಂತೆಗೆ ಕಳಿಸಿದರು. ಕೆಂಪು ಬಾಳೆಯ ಬೆಳೆ ಹೇಗಿದೆ, ಬರೆದುಕೊಂಡು ಬಾ ಎಂದಷ್ಟೇ ಹೇಳಿದ್ದರು. ಬಾಳೆಗೊನೆ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು, ನಾನು ಪತ್ರಿಕೆಯವಳೆಂದು ತಿಳಿದದ್ದೇ ನನ್ನ ಕೈ ಹಿಡಿದಳು.

“ಬಾಳಿ ಬಿಡ್ರೆವ್ವಾ. ನಮ್ಮೂರ ನೀರಿಂದು ಬರೀರಿ. ಕುಡದ್ರ ವಾಂತಿ ಆಗ್ತಾವ.”

ಮಧ್ಯಾಹ್ನ ಅವಳ ಜತೆ ಟಂಟಂ ಆಟೋ ಹತ್ತಿ ಅವಳ ಹಳ್ಳಿಗೆ ಹೋದೆ. ಮೂವತ್ತು ನಲವತ್ತು ಮನೆಯ ಊರು. ಊರಾಚೆ ಎತ್ತರದ ತಂತಿಬೇಲಿ ಇತ್ತು. ಅದರ ಮೇಲೆ, ಇದು ನಿಷೇಧಿತ ಪ್ರದೇಶ, ಫೋಟೊ ತೆಗೆಯುವುದು ಶಿಕ್ಷಾರ್ಹ ಅಪರಾಧ ಎಂಬ ಬೋರ್ಡು. ಒಳಗೆ ಏನಿದೆ ಎಂದು ಊರಿನ ಯಾರಿಗೂ ಗೊತ್ತಿರಲಿಲ್ಲ. “ದೇಶದ ಕೆಲಸ ಅಂತ್ರಿ” ಎಂದಷ್ಟೇ ಹೇಳಿದರು. ಬೇಲಿಗೆ ಸಮೀಪದ ಮೂರು ಬೋರ್‌ವೆಲ್ಲುಗಳ ನೀರಿಗೆ ಒಂದು ವರ್ಷದಿಂದ ವಾಸನೆ ಬಂದಿತ್ತು. ಒಬ್ಬ ಮುದುಕಿ ಸ್ಟೀಲ್ ಲೋಟದಲ್ಲಿ ನೀರು ತಂದು ನನ್ನ ಕೈಗಿತ್ತಳು.

“ಕುಡೀರಿ. ಕುಡದ ಮ್ಯಾಲ ಬರೀರಿ.”

ಲೋಟವನ್ನು ತುಟಿಯ ಹತ್ತಿರ ತಂದೆ. ಸೀಮೆಎಣ್ಣೆಯ ಕೈ ತೊಳೆದ ನೀರಿನ ಹಾಗೆ ನಾತ. ಕುಡಿಯಲಾಗಲಿಲ್ಲ. ಮುದುಕಿ ಲೋಟ ವಾಪಸ್ ತೆಗೆದುಕೊಂಡು, ನನ್ನ ಮುಖವನ್ನೇ ನೋಡುತ್ತ, ತಾನು ಎರಡು ಗುಟುಕು ಕುಡಿದಳು. “ನಮಗ ರೂಢಿ ಆಗ್ಯಾದ” ಎಂದಳು.

ಮರುದಿನ ನಗರದಲ್ಲಿ, ಜಿಲ್ಲೆಯ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಸರ್ಕಾರಿ ಪ್ರಯೋಗಾಲಯಕ್ಕೆ ಹೋದೆ. ಆ ಊರಿನ ನೀರು ತಮ್ಮಲ್ಲಿಗೆ ಬಂದೇ ಇಲ್ಲ ಎಂದರು ಅಲ್ಲಿನ ಮುಖ್ಯಸ್ಥರು. ಹೇಳುವಾಗ ನನ್ನನ್ನು ನೋಡಲಿಲ್ಲ. ಹೊರಗೆ ಬೇವಿನ ನೆರಳಲ್ಲಿ ಆಟೋಗೆ ಕಾಯುತ್ತಿದ್ದಾಗ, ಒಳಗೆ ಮೂಲೆಯ ಮೇಜಿನಲ್ಲಿ ಕೂತಿದ್ದ ಹೆಂಗಸು ಊಟದ ಚೀಲ ಹಿಡಿದು ಬಂದು ಪಕ್ಕದಲ್ಲಿ ನಿಂತರು. ಐವತ್ತೈದು ದಾಟಿದ ವಯಸ್ಸು, ನೂಲಿನ ಸೀರೆ, ಹಣೆಯಲ್ಲಿ ವಿಭೂತಿ. ರಸ್ತೆಯ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದರು.

“ಆ ನೀರು ಬಂದಿತ್ತು. ಟೆಸ್ಟ್ ಮಾಡಿದಾಕಿ ನಾನೇ. ಐತವಾರ ನಾ ತವರಮನಿಗೆ ಹೋಗ್ತೀನಿ. ಹನ್ನೊಂದಕ್ಕ ಕಮಲಾಪುರದ ಬಸ್‌ಸ್ಟ್ಯಾಂಡ್‌ದಾಗ ಇರ್ರಿ. ಫೋನ್ ಮಾಡಬ್ಯಾಡ್ರಿ.”

ಅವರೇ ಗೌರಾಬಾಯಿ. ಹಿರಿಯ ಟೆಕ್ನಿಷಿಯನ್. ನಗರದಂಚಿನ ಕುಸನೂರಿನಲ್ಲಿ ಮನೆ. ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದರು.

ಭಾನುವಾರ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಪರಿಚಿತ ಪ್ರಯಾಣಿಕರಂತೆ ಅಕ್ಕಪಕ್ಕ ಕೂತೆವು. ನಡೆದದ್ದನ್ನು ಅವರು ನಾಲ್ಕೇ ಮಾತಿನಲ್ಲಿ ಹೇಳಿದರು. ಊರವರ ದೂರಿನ ಮೇಲೆ ನೀರಿನ ಮಾದರಿ ಬಂದಿತ್ತು. ಪರೀಕ್ಷಿಸಿದರೆ ಕುಡಿಯುವ ನೀರಿನಲ್ಲಿ ಇರಲೇಬಾರದ ಎಣ್ಣೆಯಂಶ, ಜತೆಗೆ ಒಂದು ರಾಸಾಯನಿಕ. ವರದಿಯನ್ನು ಮೇಲಿನವರು ಸೀಲ್ ಮಾಡಿದ ಲಕೋಟೆಯಲ್ಲಿ ಕಳಿಸಿದರು. ವಾರದೊಳಗೆ ಕಡತದ ಮೇಲೆ ‘ರಹಸ್ಯ’ ಎಂಬ ಮುದ್ರೆ ಬಿತ್ತು. ರಿಜಿಸ್ಟರಿನ ಆ ಹಾಳೆಯನ್ನು ತೆಗೆದುಕೊಂಡು ಹೋದರು. ಇನ್ನು ಆ ಊರಿನ ನೀರು ತರಬೇಡಿ ಎಂದರು.

“ಆಮ್ಯಾಲ ನಾ ಸುಮ್ನ ಕೂಡಬೇಕಿತ್ತು. ಆಗ್ಲಿಲ್ಲ. ಮುಂದಿನ ಐತವಾರ ನಾನೇ ಬಾಟ್ಲಿ ತಗೊಂಡು ಹೋಗಿ ನೀರ ತಂದೆ. ಹಣಮಂತನ ಕಡಿಂದ ಬಾಗಿಲ ತೆಗಸಿ, ಒಬ್ಬಾಕಿನೇ ಕುಂತು ಮತ್ತೊಂದು ಸಲ ಮಾಡ್ದೆ. ಅದೂ ಹಂಗೇ ಬಂತು. ಇದನ್ನೂ ಬರಕೋರಿ.”

ಹಣಮಂತ ಎಂದರೆ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ, ಬೀಗ ತೆಗೆಯುವ ಗುತ್ತಿಗೆ ನೌಕರ. ಗೌರಾಬಾಯಿ ಕೈಯಲ್ಲಿ ಬರೆದು ತಂದಿದ್ದ ಹಾಳೆಯನ್ನು ನಾನು ನನ್ನ ಪುಸ್ತಕಕ್ಕೆ ಇಳಿಸಿಕೊಂಡೆ. ಮುಗಿದ ಮೇಲೆ ಅವರು ಆ ಹಾಳೆಯನ್ನು ಚೂರುಚೂರು ಹರಿದು, ಊಟದ ಡಬ್ಬಿಯ ಮಜ್ಜಿಗೆಯಲ್ಲಿ ಅದ್ದಿ, ಬೆರಳಿನಿಂದ ಕಲಸಿ, ಮುಚ್ಚಳ ಹಾಕಿದರು.

“ನನ್ನ ಹೆಸರು ಎಲ್ಲೂ ಬರಬಾರದು ತಂಗಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನೇ.”

“ಬರೂದಿಲ್ರಿ ಅಕ್ಕಾ” ಎಂದು ಮಾತು ಕೊಟ್ಟೆ.

ಹಿರೇಮಠ ಸರ್ ನನ್ನ ಟಿಪ್ಪಣಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬೇಲಿ ಒಳಗ ಏನದ ಅಂತ ಒಂದಕ್ಷರ ಬರೀಬ್ಯಾಡ. ಅದು ಅವರ ಗುಟ್ಟು, ಇರಲಿ. ನೆಲದಾಗಿಂದ ಹೊರಗ ಬಂದು ಮಂದಿ ಹೊಟ್ಯಾಗ ಹೋಗಾಕತ್ತದಲ್ಲ, ಅದು ಗುಟ್ಟಲ್ಲ. ಅದನ್ನ ಬರಿ.” ಸಂಬಂಧಪಟ್ಟ ಅಧಿಕಾರಿಗೆ ಫೋನ್ ಮಾಡಿ ಪ್ರತಿಕ್ರಿಯೆ ಕೇಳಿದೆ. “ಇದು ರಾಷ್ಟ್ರೀಯ ಭದ್ರತೆಯ ವಿಷಯ. ಪ್ರಕಟಿಸಿದರೆ ಆಗುವುದಕ್ಕೆ ನೀವೇ ಹೊಣೆ” ಎಂದು ಆ ಕಡೆಯಿಂದ ಫೋನ್ ಇಟ್ಟರು. ಆ ಮಾತನ್ನೂ ಸೇರಿಸಿಯೇ ಬರೆದೆ.

ಹೋಳಿಯ ಹಿಂದಿನ ದಿನ ವರದಿ ಮುಖಪುಟದಲ್ಲಿ ಬಂತು. ಮೂರನೇ ದಿನ ಆ ಊರಿಗೆ ಎರಡು ಟ್ಯಾಂಕರ್ ನೀರು ಹೋಯಿತು. ಬಾಳೆ ಮಾರುವ ಹೆಂಗಸು ಫೋನ್ ಮಾಡಿ ನಕ್ಕಳು. ನಾನೂ ನಕ್ಕೆ. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅದೇ ಕೊನೆ.

ನಾಲ್ಕನೇ ದಿನ ಬೆಳಿಗ್ಗೆ ಏಳು ಜನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಯಾರೂ ಯೂನಿಫಾರ್ಮಿನಲ್ಲಿರಲಿಲ್ಲ. ಶೋಧನೆಯ ಆದೇಶ ತೋರಿಸಿದರು. ಸರ್ಕಾರಿ ರಹಸ್ಯ ಕಾಯ್ದೆ ಎಂದು ಅದರಲ್ಲಿತ್ತು. ನಮ್ಮ ಎರಡೂ ಕಂಪ್ಯೂಟರ್, ನನ್ನ ಫೋನ್, ಹಿರೇಮಠ ಸರ್ ಫೋನ್, ಹಳೆಯ ನೋಟ್‌ಬುಕ್ಕುಗಳು, ಎಲ್ಲವನ್ನೂ ಪಟ್ಟಿ ಮಾಡಿ ಒಯ್ದರು. ಗೌರಾಬಾಯಿ ಹೇಳಿದ್ದನ್ನು ಬರೆದುಕೊಂಡಿದ್ದ ಹಾಳೆಗಳನ್ನು ವರದಿ ಅಚ್ಚಾದ ದಿನವೇ ಒಲೆಗೆ ಹಾಕಿದ್ದೆ. ಅಷ್ಟಾದರೂ ಮಾಡಿದ್ದೆ.

ಅಲ್ಲಿಂದ ನನ್ನ ಜತೆಗೇ ನಮ್ಮ ಮನೆಗೆ ಬಂದರು. ಅಬ್ಬಾ ಉರ್ದು ಶಾಲೆಯ ನಿವೃತ್ತ ಮಾಸ್ತರು. ಮೂವತ್ತು ವರ್ಷದಿಂದ ದಿನಾ ಡೈರಿ ಬರೆಯುವವರು. ಮಳೆ ಬಂತು, ಅಕ್ಕಿ ತಂದೆ, ಶಾಹೀನಾಗೆ ಜ್ವರ, ಇಂಥದೇ. ಬಂದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದಕ್ಕೇ ಎಲ್ಲ ಡೈರಿಗಳನ್ನೂ ಚೀಲಕ್ಕೆ ತುಂಬಿದರು. ಅಬ್ಬಾ ತಡೆಯಲಿಲ್ಲ. ಅವರೆಲ್ಲ ಹೋದ ಮೇಲೆ ಖಾಲಿಯಾದ ಗೂಡಿನ ಮುಂದೆ ನಿಂತು, “ಚುಪ್ ರಹೇ ತೋ ಅಚ್ಛಾ ಥಾ ನಾ ಬೇಟಾ” ಎಂದರು. ಸುಮ್ಮನಿದ್ದರೆ ಒಳ್ಳೆಯದಿತ್ತಲ್ಲ ಮಗಳೇ. ಬೈಗುಳ ಅಲ್ಲ ಅದು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದರು: ಬೇರೆಯವರು ಇಂಥದನ್ನು ಬರೆದರೆ ತಪ್ಪು ಮಾಡಿದರು ಅನ್ನುತ್ತಾರೆ, ನಮ್ಮ ಹೆಸರಿನವರು ಬರೆದರೆ ದ್ರೋಹ ಅನ್ನುತ್ತಾರೆ.

ಹಾಗೇ ಆಯಿತು. ಒಂದು ಟಿ.ವಿ. ವಾಹಿನಿ ನನ್ನ ಹೆಸರನ್ನು ಇಡೀ ದಿನ ಪರದೆಯ ಅಡಿಯಲ್ಲಿ ಓಡಿಸಿತು. ನಮ್ಮ ಗಲ್ಲಿಯ ಕಿರಾಣಿ ಅಂಗಡಿಯಾತ ನನ್ನನ್ನು ಕಂಡರೆ ಒಳಗಿನ ಕೋಣೆಗೆ ಹೋಗತೊಡಗಿದ. ರಂಜಾನ್ ತಿಂಗಳು ಮುಗಿದು ಈದ್ ಬಂದಾಗ ಅಮ್ಮಿ ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ಹಾಲು ಶಾವಿಗೆಯ ಶೀರ್‌ಖುರ್ಮಾ ಮಾಡಿದಳು. ಕುಡಿಯಲು ಬಂದವರು ಇಬ್ಬರು. ಒಬ್ಬರು ನನ್ನ ಚಾಚಾ. ಇನ್ನೊಬ್ಬರು ಹಿರೇಮಠ ಸರ್.

ವಿಚಾರಣೆ ಶುರುವಾದದ್ದು ಈದ್‌ಗೂ ಮುಂಚೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೂರಬೇಕು. ಕೋಣೆಗೆ ಒಂದೇ ಕಿಟಕಿ, ಅದರಲ್ಲಿ ಕೂಲರ್. ಅಧಿಕಾರಿ ಹೊರಗಿನಿಂದ ಬಂದವರು. ಯಾವ ಇಲಾಖೆ ಎಂದು ಕೊನೆಯವರೆಗೂ ನನಗೆ ಸರಿಯಾಗಿ ತಿಳಿಯಲಿಲ್ಲ. ಒಂದು ದಿನವೂ ದನಿ ಏರಿಸಲಿಲ್ಲ. “ರೋಜಾ ಉಪವಾಸ ಇದ್ದೀರಾ? ಹಾಗಾದರೆ ಬೇಗ ಮುಗಿಸೋಣ. ಹೆಸರು ಹೇಳಿಬಿಡಿ” ಎನ್ನುತ್ತಿದ್ದರು. ನಾನು “ಹೇಳಲಾರೆ ಸರ್” ಎನ್ನುತ್ತಿದ್ದೆ. ಅವರು ಏನೋ ಬರೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯ ಮೇಲೆ ಮತ್ತೆ ಅದೇ. ಈ ಕಾಯ್ದೆಯಲ್ಲಿ ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ಆರೋಪಿಗಳು ಎಂದು ಎರಡನೇ ದಿನ ತಿಳಿಸಿದರು. ಹೇಳಿದ ದನಿ ಬಸ್ಸಿನ ವೇಳೆ ಹೇಳಿದಂತಿತ್ತು.

ನಾಲ್ಕನೇ ದಿನ ಅವರು ನನ್ನ ವರದಿಯ ಕತ್ತರಿಸಿದ ತುಣುಕನ್ನು ಮೇಜಿನ ಮೇಲಿಟ್ಟರು. ಒಂದು ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

“ಇದನ್ನ ಸ್ವಲ್ಪ ಓದಿ ಮೇಡಂ.”

ಓದಿದೆ. “ಒಂದು ವಾರದ ನಂತರ ಎರಡನೇ ಬಾರಿ ತೆಗೆದ ಮಾದರಿಯಲ್ಲೂ ಇದೇ ಫಲಿತಾಂಶ ಬಂದಿದೆ.”

“ನಮ್ಮ ಫೈಲಲ್ಲಿ ಒಂದೇ ಮಾದರಿ ಇದೆ” ಎಂದರು. “ಎರಡನೆಯದು ಯಾರು ತೆಗೆದದ್ದು?”

ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಸರ್ಕಾರದ ಲೆಕ್ಕದಲ್ಲಿ ಎರಡನೇ ಮಾದರಿ ಇರಲೇ ಇಲ್ಲ. ಅದು ಗೊತ್ತಿದ್ದದ್ದು ತಂದವರಿಗೆ, ಬಾಗಿಲು ತೆಗೆದವನಿಗೆ ಮಾತ್ರ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬರೆಯದೆಯೇ ಬರೆದುಬಿಟ್ಟಿದ್ದೆ. ಹಾಳೆ ಸುಟ್ಟೆನೆಂದು ಸಮಾಧಾನ ಪಟ್ಟುಕೊಂಡವಳು, ಆ ವಾಕ್ಯವನ್ನು ಸಾವಿರಾರು ಪ್ರತಿ ಅಚ್ಚು ಹಾಕಿಸಿದ್ದೆ.

“ಹೇಳಲಾರೆ ಸರ್” ಎಂದೆ. ಅವರು ನನ್ನ ಮುಖ ನೋಡಿ, ಪೆನ್ಸಿಲ್ ಕೆಳಗಿಟ್ಟು, ಆ ದಿನ ಬೇಗ ಮನೆಗೆ ಕಳಿಸಿದರು.

ಗೌರಾಬಾಯಿಯನ್ನು ಎಚ್ಚರಿಸಬೇಕಿತ್ತು. ಫೋನ್ ಮಾಡುವಂತಿಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸುವಂತಿಲ್ಲ. ಮರುದಿನ ವಿಚಾರಣೆ ಇರಲಿಲ್ಲ. ಅಮ್ಮಿಯ ಬುರ್ಖಾ ತೊಟ್ಟು, ಮುಖ ಮುಚ್ಚಿಕೊಂಡು, ಎರಡು ಕಡೆ ಸಿಟಿ ಬಸ್ ಬದಲಿಸಿ ಕುಸನೂರಿಗೆ ಹೋದೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಮಧ್ಯಾಹ್ನವೇ ಮುಚ್ಚುವುದರಿಂದ ಅವರು ಆಗಲೇ ಮನೆಗೆ ಬಂದಿದ್ದರು. ಗಲ್ಲಿಯ ತುದಿಯಿಂದ ಅವರು ಕಾಣುತ್ತಿದ್ದರು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಒಣಗಿದ ಸಂಡಿಗೆ ಕಿತ್ತು ಬುಟ್ಟಿಗೆ ತುಂಬುತ್ತಿದ್ದರು. ಐವತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಗಲ್ಲಿಯ ಬಾಯಲ್ಲಿ ಒಬ್ಬ ಮನುಷ್ಯ ನಿಲ್ಲಿಸಿದ ಮೋಟರ್‌ಸೈಕಲ್ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಆ ಬಿಸಿಲಲ್ಲಿ, ನೆರಳಿಲ್ಲದ ಜಾಗದಲ್ಲಿ. ನಾನು ಎದುರಿನ ಗಾಡಿಯಲ್ಲಿ ಕಲ್ಲಂಗಡಿ ಹೋಳು ಕೇಳಿ ನಿಂತೆ. ಹೋಳು ಕೈಯಲ್ಲೇ ಇತ್ತು, ರಸ ಮೊಣಕೈವರೆಗೆ ಇಳಿಯಿತು. ಅವನು ಹಾಳೆ ತಿರುವಲಿಲ್ಲ. ಹತ್ತು ನಿಮಿಷ ಒಂದೇ ಪುಟ. ನಾನು ಒಳಗೆ ಹೋದರೆ ಅವರಿಗೆ ನಾನೇ ದಾರಿ ತೋರಿಸಿದಂತೆ ಎಂದುಕೊಂಡೆ. ಹಾಗಂತ ಈಗಲೂ ಹೇಳಿಕೊಳ್ಳುತ್ತೇನೆ. ನಿಜವೆಂದರೆ ನನ್ನ ಕಾಲು ಮುಂದೆ ಹೋಗಲಿಲ್ಲ. ಬಂದ ದಾರಿಯಲ್ಲೇ ವಾಪಸಾದೆ. ಆತ ಪೊಲೀಸಿನವನೋ, ಯಾರಿಗೋ ಕಾಯುತ್ತಿದ್ದ ಬಡಪಾಯಿಯೋ, ಇವತ್ತಿಗೂ ಗೊತ್ತಿಲ್ಲ.

ಈದ್ ಮುಗಿದ ವಾರ ಹಣಮಂತನನ್ನು ಕರೆದೊಯ್ದರು. ಪ್ರಯೋಗಾಲಯದ ಕೀಲಿ ಪುಸ್ತಕದಲ್ಲಿ, ರಜೆಯ ಭಾನುವಾರ ಬೀಗ ತೆಗೆದದ್ದಕ್ಕೆ ಅವನ ಹೆಬ್ಬೆಟ್ಟಿತ್ತು. ಯಾರಿಗಾಗಿ ತೆಗೆದೆ ಎಂದು ಕೇಳಿದರೆ, ಬಾಟಲಿ ತೊಳೆಯುವುದು ಬಾಕಿ ಇತ್ತು, ಅದಕ್ಕೆ ಬಂದಿದ್ದೆ ಎಂದನಂತೆ. ಎರಡು ದಿನ ಅದೇ ಮಾತು. ಗುತ್ತಿಗೆಯಿಂದ ತೆಗೆದರು. ಅವನ ಹೆಂಡತಿ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಳು. ಅತ್ತು ಮುಗಿದಿದ್ದ ಮುಖ. “ಪೇಪರ್‌ನ್ಯಾಗ ನೀವು ಬರದೀರಿ. ನನ್ನ ಗಂಡಗ ಓದಾಕೇ ಬರೂದಿಲ್ಲ. ಅಂವ ಏನ್ ಮಾಡ್ಯಾನ, ನೀವರೆ ಹೇಳ್ರಿ” ಎಂದಳು. ಹಿರೇಮಠ ಸರ್ ಅವಳೆದುರು ಕೈ ಜೋಡಿಸಿ ನಿಂತರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಗೌರಾಬಾಯಿಯ ಹೆಸರು ಹೇಳಿದರೆ ಇವನು ಬಿಡುಗಡೆ. ಹೇಳದಿದ್ದರೆ ಇವನು ಒಳಗೆ. ಎರಡೂ ನನ್ನ ನಾಲಿಗೆಯ ಮೇಲಿದ್ದವು. ಆ ದಿನ ನಾನು ಹೇಳಿಬಿಡುತ್ತಿದ್ದೆನೋ ಏನೋ. ನನ್ನ ಬಗ್ಗೆ ನನಗೆ ಖಾತ್ರಿಯಿಲ್ಲ.

ಮರುದಿನ ಮಧ್ಯಾಹ್ನ ಹಿರೇಮಠ ಸರ್ ನಮ್ಮ ಮನೆಗೇ ಬಂದರು. ಬಾಗಿಲಲ್ಲೇ ನಿಂತು ಹೇಳಿದರು.

“ಗೌರಾಬಾಯಿ ತಾವೇ ಹೋಗ್ಯಾರ. ನಾನೇ ನೀರ ತಂದೀನಿ, ನಾನೇ ಕೊಟ್ಟೀನಿ, ಹಣಮಂತಗ ಏನೂ ಗೊತ್ತಿಲ್ಲ, ಅವನ್ನ ಬಿಡ್ರಿ ಅಂದಾರಂತ.”

ಕೇಳಿದಾಗ ನನಗೆ ಮೊದಲು ಆದದ್ದು ಏನು ಎಂದು ಬರೆಯಲು ನಾಚಿಕೆಯಾಗುತ್ತದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ನನ್ನನ್ನು ಯಾರೂ ಆ ಪ್ರಶ್ನೆ ಕೇಳುವುದಿಲ್ಲ ಎಂದು.

ಗೌರಾಬಾಯಿ ಐವತ್ತು ದಿನ ಜೈಲಿನಲ್ಲಿದ್ದರು. ಕಲಬುರಗಿಯ ಮೇ ತಿಂಗಳು, ಕಲ್ಲಿನ ಗೋಡೆ. ಅವರ ಗಂಡನನ್ನು ಕಮಲಾಪುರದ ತವರಿನಿಂದ ಗೌರಾಬಾಯಿಯ ತಮ್ಮ ಬಂದು ತನ್ನ ಮನೆಗೆ ಒಯ್ದ. ಹಿರೇಮಠ ಸರ್‌ಗೆ, ನನಗೆ ಬಂಧನಕ್ಕೆ ಮುಂಚೆಯೇ ಜಾಮೀನು ಸಿಕ್ಕಿತು. ಗೌರಾಬಾಯಿಗೆ ಸಿಕ್ಕದ್ದು ಜೂನಿನಲ್ಲಿ, ಮಿರಗದ ಮೊದಲ ಮಳೆ ಬಿದ್ದ ವಾರ. ಹಣಮಂತನನ್ನು ಬಿಟ್ಟರು, ಕೆಲಸಕ್ಕೆ ಮಾತ್ರ ಮತ್ತೆ ತೆಗೆದುಕೊಳ್ಳಲಿಲ್ಲ. ಜಾಹೀರಾತು ನಿಂತು ನಮ್ಮ ಪತ್ರಿಕೆ ಆ ಮಳೆಗಾಲದಲ್ಲೇ ಮುಚ್ಚಿತು. ಈಗ ನಾನು ಒಂದು ಪ್ರಕಾಶನಕ್ಕೆ ಶಾಲಾಪುಸ್ತಕಗಳ ಪ್ರೂಫ್ ನೋಡುತ್ತೇನೆ. ಆ ಊರಿನ ಮೂರು ಬೋರ್‌ವೆಲ್ಲಿಗೂ ಸಿಮೆಂಟ್ ಹಾಕಿ ಮುಚ್ಚಿದರು. ನೀರು ಕೆಟ್ಟಿತ್ತು ಎಂದು ಇವತ್ತಿನವರೆಗೆ ಯಾರೂ ಒಪ್ಪಿಲ್ಲ; ನೀರು ಬತ್ತಿದೆ ಎಂದು ಕಾರಣ ಬರೆದಿದ್ದಾರೆ. ದೂರದ ಕೆರೆಯಿಂದ ಪೈಪ್ ಹಾಕಿದ್ದಾರೆ.

ಪ್ರಕರಣದ ತಾರೀಖುಗಳಿಗೆ ನಾವು ಮೂವರೂ ಹೋಗುತ್ತೇವೆ. ಗೌರಾಬಾಯಿ ಮೊದಲನೇ ಆರೋಪಿ, ನಾನು ಎರಡನೆಯವಳು, ಹಿರೇಮಠ ಸರ್ ಮೂರನೆಯವರು. ಸಾಕ್ಷ್ಯದಲ್ಲಿ ರಹಸ್ಯವಿದೆ ಎಂದು ಬಾಗಿಲು ಮುಚ್ಚಿ ವಿಚಾರಣೆ ನಡೆಸುತ್ತಾರೆ. ಕಳೆದ ತಿಂಗಳ ತಾರೀಖಿನಲ್ಲಿ ಸರ್ ವಕೀಲರ ಹತ್ತಿರ ಹೋಗಿದ್ದಾಗ, ಕೋರ್ಟಿನ ಕಾರಿಡಾರಿನಲ್ಲಿ ಗೌರಾಬಾಯಿ, ನಾನು ಇಬ್ಬರೇ ಕೂತಿದ್ದೆವು. ಎರಡು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. ಪೆನ್ಸಿಲ್ ಗೆರೆಯ ವಾಕ್ಯ, ಕುಸನೂರಿನ ಗಲ್ಲಿ, ಕಲ್ಲಂಗಡಿ, ಎಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ಆ ಮಾತು ನಿಮಗ ಹೇಳುವಾಗ್ಲೇ ನಂಗ ಗೊತ್ತಿತ್ತು ತಂಗಿ, ಅದು ನನ್ನ ಹಿಡಿಸಿ ಕೊಡತದ ಅಂತ. ಒಂದೇ ಸಲದ್ದು ಬರದಿದ್ರ ಮಷಿನ್ ತಪ್ಪು, ಬಾಟ್ಲಿ ಹೊಲಸು ಅಂತಿದ್ರು. ಟ್ಯಾಂಕರ್ ಬರ್ತಿದ್ದಿಲ್ಲ. ಅದಕ್ಕ ಹೇಳ್ದೆ. ಆದ್ರ ಹಣಮಂತ ಸಿಗ್ತಾನ ಅಂತ ನಂಗ ಹೊಳೀಲೇ ಇಲ್ಲ. ನಂಗ ನಿದ್ದಿ ಬರದಂಗ ಮಾಡೂದು ಅದೊಂದೇ.”

“ಅಂಜಿಕಿ ಆಗೂದಿಲ್ಲೇನ್ರಿ ಅಕ್ಕಾ?” ಎಂದು ಕೇಳಿದೆ.

“ಈಗೂ ಯಾರರೆ ಬಾಗಿಲ ಬಡದ್ರ ಉಚ್ಚಿ ಬಂದಂಗ ಆಗ್ತದ” ಎಂದರು. ನಗಲಿಲ್ಲ.

ಅಷ್ಟರಲ್ಲಿ ಕೋರ್ಟಿನ ಜವಾನ ಬಾಗಿಲಿಗೆ ಬಂದು ಕೂಗಿದ. ಮೊದಲ ಹೆಸರು ಅವರದು, ಗಂಡನ ಹೆಸರಿನ ಸಮೇತ. ಗೌರಾಬಾಯಿ ಮೊಣಕಾಲಿನ ಮೇಲೆ ಕೈ ಊರಿ ಎದ್ದು, ಸೆರಗು ಹೊದ್ದುಕೊಂಡು, “ಅದೀನ್ರಿ” ಎಂದರು. ಆಮೇಲೆ ನನ್ನ ಹೆಸರು. ಅವನು ಮತ್ತೆ ಕೂಗುವುದರೊಳಗೆ “ಅದೀನ್ರಿ” ಎಂದು ನಾನೂ ಒಳಗೆ ಹೋದೆ. ಹಿಂದೆ ಬಾಗಿಲು ಹಾಕಿದರು.